ಮೇಷ್ಟ್ರ ಹೆಮ್ಮೆ: ಕಸಿನ್ಸ್, ವೆಂಕಣ್ಣಯ್ಯ ಮತ್ತು ಹಳೆಯ ಶಿಷ್ಯೆಯೊಬ್ಬಳ ಸಂದೇಶ

(ಶಿಕ್ಷಕರ ದಿನದ ನಿಮಿತ್ತ ಡಬ್ಲಿನ್‌ನಲ್ಲಿ ಸೇರಿದ್ದ ಕನ್ನಡಿಗರ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಶಿಕ್ಷಕರ ದಿನದಂದು ನಿವೃತ್ತ ಶಿಕ್ಷಕನೊಬ್ಬನ ಕೈಗೆ ಧ್ವನಿವರ್ಧಕ ಕೊಡುವುದು ಧೈರ್ಯದ ಕೆಲಸ. ತನ್ನ ಶಿಷ್ಯರಲ್ಲಿ ಯಾರು ಡಾಕ್ಟರಾದರು, ಯಾರು ವಿದೇಶದಲ್ಲಿ ಮನೆ ಕೊಂಡರು ಎಂಬ ಪಟ್ಟಿಯನ್ನು ಅವನು ಓದತೊಡಗಿದರೆ ಊಟದ ಹೊತ್ತು ಮೀರುತ್ತದೆ. ಅಂಥ ಪಟ್ಟಿ ನನ್ನ ಬಳಿಯೂ ಇದೆ. ಇಂದು ಅದನ್ನು ತಂದಿಲ್ಲ. ನಿಮ್ಮೆದುರು ಇಡಬೇಕೆಂದಿರುವ ಪ್ರಶ್ನೆ ಬೇರೆ. ಬಹುಕಾಲದ ಮೇಲೆ ಹಳೆಯ ವಿದ್ಯಾರ್ಥಿಯಿಂದ ಒಂದು ಸುದ್ದಿ ಬಂದಾಗ ಮೇಷ್ಟ್ರಿಗೆ ಆಗುವ ಹೆಮ್ಮೆ ಎಂತಹದು? ಆ ಹೆಮ್ಮೆಗೆ ಅವನು ಅರ್ಹನೆ? ಅರ್ಹನಾದರೆ ಯಾವುದಕ್ಕಾಗಿ?

ಸೆಪ್ಟೆಂಬರ್ 5 ಡಾ. ಸರ್ವಪಲ್ಲಿ ರಾಧಾಕೃಷ್ಣನ್ ಅವರ ಜನ್ಮದಿನ. 1962ರಿಂದ ಭಾರತದಲ್ಲಿ ಅದು ಶಿಕ್ಷಕರ ದಿನ. ಅವರು 1918ರಿಂದ 1921ರವರೆಗೆ ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಕಲ್ಕತ್ತೆಗೆ ಹೊರಟ ದಿನ ವಿದ್ಯಾರ್ಥಿಗಳು ಹೂವಿನಿಂದ ಅಲಂಕರಿಸಿದ ಸಾರೋಟನ್ನು ತಾವೇ ಎಳೆದುಕೊಂಡು ರೈಲು ನಿಲ್ದಾಣಕ್ಕೆ ಕರೆದೊಯ್ದರೆಂಬ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಕೇಳಿದವರೇ. ಅದು ಪ್ರೀತಿಯ ಪ್ರದರ್ಶನ, ಅದರಲ್ಲಿ ತಪ್ಪೇನಿಲ್ಲ. ಆದರೆ ಸಾರೋಟು ಎಳೆದದ್ದು ಬೀಳ್ಕೊಡುಗೆಯ ದಿನ. ಕಲಿಸಿದ್ದು ಏನಾಯಿತು ಎಂಬುದು ತಿಳಿಯುವುದು ಇಪ್ಪತ್ತು, ಮೂವತ್ತು ವರ್ಷಗಳ ಮೇಲೆ. ಆ ಹೊತ್ತಿಗೆ ಮೆರವಣಿಗೆ ಇರುವುದಿಲ್ಲ. ಒಂದು ಕಾಗದ ಬರುತ್ತದೆ, ಇಲ್ಲವೆ ಬರುವುದಿಲ್ಲ.

ನಾವು ನಿಂತಿರುವ ಈ ನೆಲಕ್ಕೂ ಕನ್ನಡಕ್ಕೂ ಇಂತಹದೊಂದು ನಂಟಿದೆ. ಜೇಮ್ಸ್ ಕಸಿನ್ಸ್ ಹುಟ್ಟಿದ್ದು 1873ರಲ್ಲಿ ಬೆಲ್‌ಫಾಸ್ಟ್‌ನಲ್ಲಿ. ಐರಿಷ್ ಸಾಹಿತ್ಯದ ಪುನರುಜ್ಜೀವನದ ಕಾಲದ ಕವಿ, ನಾಟಕಕಾರ. ಇದೇ ಡಬ್ಲಿನ್ ನಗರದ ಪ್ರೌಢಶಾಲೆಯೊಂದರಲ್ಲಿ 1905ರಿಂದ 1913ರವರೆಗೆ ಶಿಕ್ಷಕ. 1915ರಲ್ಲಿ ಪತ್ನಿ ಮಾರ್ಗರೆಟ್ ಜೊತೆ ಭಾರತಕ್ಕೆ ಹೋದರು, ಮದನಪಲ್ಲಿಯಲ್ಲಿ ನೆಲೆಸಿದರು. 1924ರಲ್ಲಿ ಅವರು ಮೈಸೂರಿಗೆ ಬಂದಿದ್ದಾಗ, ಅಲ್ಲಿ ಓದುತ್ತಿದ್ದ ಹತ್ತೊಂಬತ್ತರ ತರುಣನೊಬ್ಬ ತನ್ನ ಇಂಗ್ಲಿಷ್ ಕವಿತೆಗಳನ್ನು ಅವರಿಗೆ ತೋರಿಸಲು ಹೋದ. ಆ ತರುಣನ ಇಂಗ್ಲಿಷ್ ಕವಿತೆಗಳ ಸಂಕಲನ ಎರಡು ವರ್ಷ ಹಿಂದೆಯೇ ಅಚ್ಚಾಗಿತ್ತು. ಹೊಗಳಿಕೆಯ ನಿರೀಕ್ಷೆಯಲ್ಲಿದ್ದವನಿಗೆ ಕಸಿನ್ಸ್ ಕೇಳಿದ್ದು, ನಿನ್ನ ಭಾಷೆಯಲ್ಲಿ ಏನಾದರೂ ಬರೆದಿದ್ದೀಯಾ ಎಂದು. ಖಾದಿ ತೊಟ್ಟು ಬಂದವನ ಕವಿತೆ ಮಾತ್ರ ಪರದೇಶದ್ದಾಗಿರುವುದು ಅವರಿಗೆ ಸರಿಕಂಡಿರಲಿಲ್ಲ. ತರುಣನಿಗೆ ಸಿಟ್ಟು ಬಂತು. ಆದರೆ ಆ ಮಾತು ಒಳಗೆ ಇಳಿಯಿತು. ಅವನು ಕುಪ್ಪಳಿಯ ಪುಟ್ಟಪ್ಪ. ಮುಂದಿನದು ನಿಮಗೆ ಗೊತ್ತಿದೆ.

ಹಾಗೆ ಹೇಳಿದ ವ್ಯಕ್ತಿ ಐರ್ಲೆಂಡಿನವನಾಗಿದ್ದುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಈ ದೇಶದ ಹತ್ತೊಂಬತ್ತನೆಯ ಶತಮಾನದ ಶಾಲೆಗಳಲ್ಲಿ ಮಕ್ಕಳ ಕೊರಳಿಗೆ ಒಂದು ಕಡ್ಡಿ ಕಟ್ಟುತ್ತಿದ್ದರು. ಮಗು ಐರಿಷ್ ಮಾತು ಆಡಿದಾಗಲೆಲ್ಲ ಅದರ ಮೇಲೆ ಒಂದು ಗೀರು. ಸಂಜೆ ಗೀರುಗಳನ್ನು ಎಣಿಸಿ ಅಷ್ಟು ಶಿಕ್ಷೆ. 2022ರ ಜನಗಣತಿಯಲ್ಲಿ ಸುಮಾರು 18.7 ಲಕ್ಷ ಮಂದಿ ತಮಗೆ ಐರಿಷ್ ಬರುತ್ತದೆ ಎಂದರು. ಶಾಲೆಯ ಹೊರಗೆ ದಿನವೂ ಅದನ್ನು ಆಡುವವರು ಸುಮಾರು 72 ಸಾವಿರ. ಸಂವಿಧಾನದಲ್ಲಿ ಮೊದಲ ಅಧಿಕೃತ ಭಾಷೆಯಾಗಿದ್ದೂ ಇದು ಅದರ ಸ್ಥಿತಿ. ಕಸಿನ್ಸ್ ಕೂಡ ಬರೆದದ್ದು ಇಂಗ್ಲಿಷಿನಲ್ಲೇ. ತನ್ನ ನಾಡಿನಲ್ಲಿ ಕೈತಪ್ಪಿಹೋದದ್ದನ್ನು ಕಂಡಿದ್ದವನು, ಇನ್ನೂ ಕೈಯಲ್ಲಿರುವುದನ್ನು ಬಿಡಬೇಡ ಎಂದು ಇನ್ನೊಂದು ನಾಡಿನ ಹುಡುಗನಿಗೆ ಹೇಳಿದ. ಕನ್ನಡ ಆಡಿದ ಮಕ್ಕಳಿಗೆ ದಂಡ ಹಾಕುವ ಶಾಲೆಗಳು ನಮ್ಮ ಊರುಗಳಲ್ಲಿ ಇಂದಿಗೂ ಇವೆ. ಆ ಕಡ್ಡಿ ಐರ್ಲೆಂಡಿನ ವಸ್ತುಸಂಗ್ರಹಾಲಯದ್ದು ಮಾತ್ರವೆಂದು ನಾವು ನೆಮ್ಮದಿಯಿಂದಿರುವಂತಿಲ್ಲ.

ಕಸಿನ್ಸ್ ಹೇಳಿದ್ದು ಒಂದು ಭೇಟಿಯ ಮಾತು. ಅದನ್ನು ವರ್ಷಗಟ್ಟಲೆ ನೀರೆರೆದು ಬೆಳೆಸಿದವರು ಬೇರೆ. ಚಳ್ಳಕೆರೆ ತಾಲ್ಲೂಕಿನ ತಳುಕಿನವರಾದ ವೆಂಕಣ್ಣಯ್ಯನವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಪ್ರಾಧ್ಯಾಪಕರು. ತಾವು ಬರೆದದ್ದು ಕಡಿಮೆ, ಬರೆಸಿದ್ದು ಹೆಚ್ಚು. ಪುಟ್ಟಪ್ಪನವರು 1929ರಲ್ಲಿ ಕನ್ನಡ ಎಂ.ಎ. ಮುಗಿಸಿದ್ದು ಅವರ ಶಿಷ್ಯರಾಗಿ. ಗುರು ಬ್ರಾಹ್ಮಣ ಮನೆತನದವರು. ಶಿಷ್ಯ ಮಲೆನಾಡಿನ ಒಕ್ಕಲು ಮನೆತನದವರು. ಮುಂದೆ ‘ಶೂದ್ರ ತಪಸ್ವಿ’ಯನ್ನು ಬರೆದು, ಪುರೋಹಿತಶಾಹಿಯನ್ನು ಕೊನೆಯವರೆಗೂ ಎದುರಿಸಿದವರು. ಶಿಷ್ಯನು ತನ್ನ ಪಡಿಯಚ್ಚಾಗಲಿ ಎಂದು ವೆಂಕಣ್ಣಯ್ಯನವರು ಬಯಸಲಿಲ್ಲ. ಅವನು ತನ್ನ ದನಿಯಲ್ಲಿ ಹಾಡಲಿ ಎಂದು ಬಯಸಿದರು.

1939ರ ಫೆಬ್ರವರಿಯಲ್ಲಿ ವೆಂಕಣ್ಣಯ್ಯನವರು ತೀರಿಕೊಂಡರು. ಕುವೆಂಪು ಆಗ ‘ಶ್ರೀರಾಮಾಯಣ ದರ್ಶನಂ’ ಬರೆಯುತ್ತಿದ್ದರು. ಕಾವ್ಯ ಮುಗಿದು ಅದರ ಮೊದಲ ಸಂಪುಟ ಹೊರಬಂದದ್ದು 1949ರಲ್ಲಿ. ಅದರ ಅರ್ಪಣೆ ವೆಂಕಣ್ಣಯ್ಯನವರಿಗೆ. ಅದೂ ಕವಿತೆಯ ರೂಪದಲ್ಲಿ, ಎದುರಿಗೆ ಕುಳಿತ ಗುರುವಿನೊಡನೆ ಮಾತನಾಡುವ ಧಾಟಿಯಲ್ಲಿ, ಇಗೋ ಮುಗಿಸಿ ತಂದೆ ಎಂಬ ವರದಿಯೊಡನೆ ಆರಂಭವಾಗುತ್ತದೆ. ಆ ಅರ್ಪಣೆಯನ್ನು ನಾನು ಒಬ್ಬ ವಿದ್ಯಾರ್ಥಿ ತನ್ನ ಮೇಷ್ಟ್ರಿಗೆ ಬರೆದ ಕಾಗದವೆಂದೇ ಓದುತ್ತೇನೆ. ಕನ್ನಡದಲ್ಲಿ ಅದಕ್ಕಿಂತ ಹಿರಿದಾದ ಕಾಗದವನ್ನು ಯಾವ ಮೇಷ್ಟ್ರೂ ಪಡೆದಿಲ್ಲ. ಆದರೆ ವಿಳಾಸದಾರರು ಹತ್ತು ವರ್ಷ ಮೊದಲೇ ಹೋಗಿಬಿಟ್ಟಿದ್ದರು.

ಸಮಯಕ್ಕೆ ಮುಟ್ಟಿದ ಕಾಗದವೂ ಒಂದಿದೆ. ಕುವೆಂಪು ಕಸಿನ್ಸ್ ಅವರನ್ನು ಕಂಡ ಅದೇ 1924ರಲ್ಲಿ, ಅಲ್ಜೀರಿಯಾದ ಆಲ್ಜಿಯರ್ಸ್ ನಗರದಲ್ಲಿ ಆಲ್ಬೆರ್ ಕಮೂ ಎಂಬ ಹುಡುಗ ವಿದ್ಯಾರ್ಥಿವೇತನದ ಪರೀಕ್ಷೆಗೆ ಕುಳಿತ. ತಂದೆ ಮೊದಲ ಮಹಾಯುದ್ಧದಲ್ಲಿ ಸತ್ತಿದ್ದರು. ತಾಯಿ ಓದುಬರಹವಿಲ್ಲದವರು, ಕಿವಿ ಮಂದ, ಮನೆಮನೆಯಲ್ಲಿ ಕಸಮುಸುರೆ ಮಾಡಿ ಬದುಕಿದವರು. ಹುಡುಗ ದುಡಿಯಲು ಹೋಗಲಿ ಎಂದು ಅಜ್ಜಿ ನಿಶ್ಚಯಿಸಿದ್ದಳು. ಪ್ರಾಥಮಿಕ ಶಾಲೆಯ ಶಿಕ್ಷಕ ಲೂಯಿ ಜೆರ್ಮೆನ್ ಮನೆಗೆ ಹೋಗಿ ಅಜ್ಜಿಯನ್ನು ಒಪ್ಪಿಸಿದರು, ಹುಡುಗನಿಗೆ ಪುಕ್ಕಟೆ ಪಾಠ ಹೇಳಿದರು. 1957ರಲ್ಲಿ ನೊಬೆಲ್ ಪ್ರಶಸ್ತಿ ಘೋಷಣೆಯಾದಾಗ, ಆ ಗದ್ದಲ ಸ್ವಲ್ಪ ತಗ್ಗಿದ ಮೇಲೆ, ನವೆಂಬರ್ 19ರಂದು ಕಮೂ ತನ್ನ ಮೇಷ್ಟ್ರಿಗೆ ಪತ್ರ ಬರೆದರು: ಸುದ್ದಿ ತಿಳಿದಾಗ ತಾಯಿಯ ನಂತರ ಮೊದಲು ನೆನಪಾದದ್ದು ನೀವೇ ಎಂದು.

ಜಗತ್ತು ಆ ಪತ್ರವನ್ನು ಮತ್ತೆ ಮತ್ತೆ ಓದಿದೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಜೆರ್ಮೆನ್ 1959ರ ಏಪ್ರಿಲ್‌ನಲ್ಲಿ ಬರೆದ ಪತ್ರ. ಶಿಷ್ಯನನ್ನು ಅವರು ಇನ್ನೂ ‘ಪುಟ್ಟ’ ಎಂದೇ ಕರೆಯುತ್ತಾರೆ. ಆದರೆ ನೊಬೆಲ್ ಬಂದದ್ದನ್ನು ಅವರು ತನ್ನ ಸಾಧನೆಯೆಂದು ಎಣಿಸುವುದಿಲ್ಲ. ತನ್ನ ವೃತ್ತಿಜೀವನದಲ್ಲಿ ಅವರು ಹೆಮ್ಮೆಯಿಂದ ನೆನೆಯುವುದು ಒಂದನ್ನು: ಸತ್ಯವನ್ನು ತಾನೇ ಹುಡುಕಿಕೊಳ್ಳುವ ಮಗುವಿನ ಹಕ್ಕನ್ನು ನಾನು ಗೌರವಿಸಿದೆ; ದೇವರ ಮಾತು ಬಂದಾಗ ಕೆಲವರು ನಂಬುತ್ತಾರೆ, ಕೆಲವರು ನಂಬುವುದಿಲ್ಲ, ಅದು ಅವರವರ ಸ್ವಾತಂತ್ರ್ಯ ಎಂದಷ್ಟೇ ಹೇಳಿದೆ ಎಂದು. ಎಂಟು ತಿಂಗಳ ಮೇಲೆ, 1960ರ ಜನವರಿಯಲ್ಲಿ, ಕಮೂ ಕಾರು ಅಪಘಾತದಲ್ಲಿ ಸತ್ತರು. ಇಲ್ಲಿ ಮೊದಲು ಹೋದವನು ಶಿಷ್ಯ. ಆದರೆ ಇಬ್ಬರೂ ಹೇಳಬೇಕಾದ್ದನ್ನು ಹೇಳಿಕೊಂಡಿದ್ದರು.

ಹೆಮ್ಮೆ ಎಂದರೆ ಕೃತಜ್ಞತೆಯ ಮಾತು ಕೇಳುವುದು ಮಾತ್ರವೇ? ಹಾಗೆ ತಿಳಿಯುವುದಾದರೆ ಪುಣೆಯ ಮುಕ್ತಾ ಸಾಳ್ವೆಯನ್ನು ನೆನೆಯಬೇಕು. ಸಾವಿತ್ರಿಬಾಯಿ ಮತ್ತು ಜೋತಿರಾವ್ ಫುಲೆ ಅವರ ಶಾಲೆಯಲ್ಲಿ ಓದಿದ ಮಾಂಗ್ ಜಾತಿಯ ಬಾಲಕಿ ಅವಳು. 1855ರಲ್ಲಿ ‘ಜ್ಞಾನೋದಯ’ ಪತ್ರಿಕೆಯಲ್ಲಿ ಅವಳ ಪ್ರಬಂಧ ಪ್ರಕಟವಾಯಿತು. ವಿಷಯ, ಮಾಂಗ್ ಮತ್ತು ಮಹಾರರ ದುಃಖ. ವೇದ ಓದುವ ಹಕ್ಕೇ ನಮಗಿಲ್ಲವೆಂದಾದರೆ ನಮ್ಮ ಧರ್ಮ ಯಾವುದು ಎಂದು ಅವಳು ಕೇಳುತ್ತಾಳೆ. ಅಕ್ಷರ ಕೊಟ್ಟವರಿಗೆ ಅದಕ್ಕಿಂತ ದೊಡ್ಡ ವರದಿ ಯಾವುದು? ವಿದ್ಯಾರ್ಥಿ ವಂದನೆ ಹೇಳಿದಾಗ ಮೇಷ್ಟ್ರಿಗೆ ಸಂತೋಷವಾಗುತ್ತದೆ, ನಿಜ. ಪ್ರಶ್ನೆ ಕೇಳಿದಾಗ ಅವನ ಕೆಲಸ ಸಾರ್ಥಕವಾಗುತ್ತದೆ.

ಇಷ್ಟು ದೊಡ್ಡವರ ಮಾತಾದ ಮೇಲೆ ನನ್ನ ಸಣ್ಣ ಮಾತೊಂದನ್ನು ಹೇಳಲು ಅಪ್ಪಣೆ ಕೊಡಿ. ನಾನು ವೆಂಕಣ್ಣಯ್ಯನವರ ಚಳ್ಳಕೆರೆ ತಾಲ್ಲೂಕಿನಲ್ಲೇ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದವನು. ಮಗನ ಸಂಸಾರದೊಡನೆ ಈ ದೇಶಕ್ಕೆ ಬಂದು ಮೂರು ವರ್ಷವಾಯಿತು. ಕಳೆದ ಚಳಿಗಾಲದಲ್ಲಿ ಗೊತ್ತಿಲ್ಲದ ಸಂಖ್ಯೆಯಿಂದ ಒಂದು ವಾಟ್ಸಾಪ್ ಸಂದೇಶ ಬಂತು. ಇಪ್ಪತ್ತೈದು ವರ್ಷಗಳ ಹಿಂದಿನ ವಿದ್ಯಾರ್ಥಿನಿ. ಈಗ ಇದೇ ದೇಶದ ಪಶ್ಚಿಮ ತೀರದ ಒಂದು ಆಸ್ಪತ್ರೆಯಲ್ಲಿ ನರ್ಸ್. ನಾನು ಡಬ್ಲಿನ್ನಿನಲ್ಲಿರುವುದನ್ನು ತರಗತಿಯ ಗೆಳತಿಯರ ಗುಂಪಿನಿಂದ ತಿಳಿದುಕೊಂಡಿದ್ದಳು.

“ಮೇಷ್ಟ್ರೇ, ನಿಮಗೆ ನೆನಪಿರಲಿಕ್ಕಿಲ್ಲ” ಎಂದೇ ಅವಳು ಆರಂಭಿಸಿದ್ದಳು. ಮನೆಯಲ್ಲಿ ತಯಾರಾಗುವ ಒಂದು ವಸ್ತುವಿನ ಬಗ್ಗೆ ಪ್ರಬಂಧ ಬರೆಯಿರಿ ಎಂದು ನಾನು ಹೇಳಿದ್ದೆನಂತೆ. ಅವಳ ತಾಯಿ ಉಣ್ಣೆ ನೂಲುತ್ತಿದ್ದರು, ತಂದೆ ಕಂಬಳಿ ನೇಯುತ್ತಿದ್ದರು. ಕುರಿಯ ಕೂದಲಿಗೆ ಮನೆಯಲ್ಲಿ ಹೇಳುವ ‘ತುಪ್ಪಟ’ ಎಂಬ ಪದವನ್ನು ಮೊದಲು ಬರೆದು, ಅದು ಹಳ್ಳಿ ಮಾತೆಂದು ನಾಚಿ, ಹೊಡೆದುಹಾಕಿ ಮೇಲೆ ‘ಉಣ್ಣೆ’ ಎಂದು ತಿದ್ದಿದ್ದಳಂತೆ. ನಾನು ಕೆಂಪು ಶಾಯಿಯಲ್ಲಿ ‘ತುಪ್ಪಟ’ವನ್ನೇ ಮತ್ತೆ ಬರೆದು, ‘ನಿಮ್ಮ ಮನೆಯ ಮಾತೂ ಕನ್ನಡವೇ’ ಎಂದು ಅಂಚಿನಲ್ಲಿ ಬರೆದಿದ್ದೆನಂತೆ. ನೂಲಿಗೆ ಹುಣಸೆಬೀಜದ ಗಂಜಿ ಹಾಕುವ ವಿಷಯವನ್ನು ತರಗತಿಗೆಲ್ಲ ಓದಿಸಿದ್ದೆನಂತೆ. ಅವಳು ಹೇಳಿದಂತೆಯೇ ನಾನು ಹೇಳುತ್ತಿದ್ದೇನೆ; ನನ್ನ ನೆನಪಿನಲ್ಲಿ ಅದು ಇರಲಿಲ್ಲ. ಸಾವಿರಾರು ಪುಸ್ತಕಗಳನ್ನು ತಿದ್ದಿದ ಕೈಗೆ ಒಂದು ಪದ ನೆನಪಿರುವುದಿಲ್ಲ. ಆ ಒಂದು ಪುಸ್ತಕದವಳಿಗೆ ಇರುತ್ತದೆ.

ಅವಳು ಇದನ್ನು ಏಕೆ ನೆನೆದಳೆಂಬುದು ಮುಂದಿನ ಭಾಗ. ಅವಳ ವಾರ್ಡಿಗೆ ಕಾನಮಾರಾ ಕಡೆಯ ಒಬ್ಬ ಮುದುಕರು ಬಂದರು. ಮರೆವಿನ ಕಾಯಿಲೆ. ಹಗಲು ಹೇಗೋ ನಾಲ್ಕು ಇಂಗ್ಲಿಷ್ ಮಾತು ಬರುತ್ತಿತ್ತು. ರಾತ್ರಿಯಾದರೆ ಅದೂ ಮರೆತು, ಎಳವೆಯ ಐರಿಷ್ ಮಾತ್ರ. ಕೂಗಿಕೊಳ್ಳುತ್ತಿದ್ದರು, ಊಟದ ತಟ್ಟೆ ತಳ್ಳುತ್ತಿದ್ದರು. ಹಟಮಾರಿ ರೋಗಿ ಎಂದು ಉಳಿದವರು ತೀರ್ಮಾನಿಸಿದ್ದರು. ಇವಳು ಆ ಕಡೆಯವರೇ ಆದ ಒಬ್ಬ ಸಹಾಯಕಿಯಿಂದ ಹತ್ತು ಪದ ಹೇಳಿಸಿಕೊಂಡು ಜೇಬಿನ ಪುಸ್ತಕದಲ್ಲಿ ಕನ್ನಡ ಲಿಪಿಯಲ್ಲಿ ಬರೆದಿಟ್ಟುಕೊಂಡಳು: ನೀರಿಗೆ ‘ಇಶ್ಕ’, ನೋವಿಗೆ ‘ಪಿಯನ್’. ಆ ರಾತ್ರಿ ನೀರು ಬೇಕೇ ಎಂದು ಅವರ ಮಾತಿನಲ್ಲಿ ಕೇಳಿದಾಗ ಅವರು ಅವಳ ಕೈ ಹಿಡಿದು ಬಹಳ ಹೊತ್ತು ಮಾತನಾಡಿದರಂತೆ. ಅವಳಿಗೆ ಅದರಲ್ಲಿ ಒಂದು ಅಕ್ಷರವೂ ಅರ್ಥವಾಗಲಿಲ್ಲ. “ಅವ್ರ ಮನೆ ಮಾತು ಮೇಷ್ಟ್ರೇ, ಆಡ್ಲಿ ಅಂತ ಕೂತ್ಕೊಂಡು ಕೇಳ್ದೆ” ಎಂದು ಬರೆದಿದ್ದಳು.

ಸಭಿಕರೇ, ಅಂದು ನನಗೆ ಆದದ್ದು ಹೆಮ್ಮೆಯೇ. ಅದನ್ನು ಮುಚ್ಚಿಡುವುದಿಲ್ಲ. ಅವಳು ವಿದೇಶಕ್ಕೆ ಬಂದದ್ದಕ್ಕಾಗಿ ಅಲ್ಲ; ಅದು ಅವಳ ದುಡಿಮೆ, ಅವಳ ತಾಯಿ ನೂತ ನೂಲು. ಐರಿಷ್ ಪದಗಳನ್ನು ನಾನು ಕಲಿಸಿರಲಿಲ್ಲ, ಶುಶ್ರೂಷೆಯನ್ನೂ ಕಲಿಸಿರಲಿಲ್ಲ. ನನ್ನ ಅಂಚಿನ ಒಂದು ಮಾತನ್ನು ಅವಳು ನನ್ನಿಂದ ಬಿಡಿಸಿಕೊಂಡು, ನಾನು ಎಂದೂ ಕಾಣದ ಒಬ್ಬರ ಹಾಸಿಗೆಯ ಬಳಿಗೆ ಕೊಂಡೊಯ್ದಿದ್ದಳು. ನನ್ನ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇದು: ಕಲಿಸಿದ್ದು ಶಿಷ್ಯರಲ್ಲಿ ಉಳಿದುಕೊಂಡದ್ದಕ್ಕಿಂತ, ಅದು ಅವರ ಸ್ವಂತದ್ದಾಗಿ ಮೂರನೆಯವರಿಗೆ ತಲುಪಿದ್ದು ಹೆಮ್ಮೆಗೆ ಯೋಗ್ಯ. ಈ ದೇಶದ ಭಾಷೆಯಲ್ಲಿ ವಿದ್ಯಾರ್ಥಿಗೆ ‘ದಾಲ್ತಾ’ ಎನ್ನುತ್ತಾರೆ. ಸಾಕುಮಗು ಎಂಬುದೂ ಅದೇ ಪದದ ಅರ್ಥ. ಹಿಂದೆ ಮಕ್ಕಳನ್ನು ಬೇರೆ ಮನೆಯಲ್ಲಿ ಸಾಕಲು, ಕಲಿಸಲು ಬಿಡುತ್ತಿದ್ದರು. ಸಾಕಿದವರನ್ನು ಮುಪ್ಪಿನಲ್ಲಿ ನೋಡಿಕೊಳ್ಳುವುದು ಆ ಮಕ್ಕಳ ಹೊಣೆಯೆಂದು ಹಳೆಯ ಐರಿಷ್ ಕಾನೂನು ವಿಧಿಸಿತ್ತು. ನನ್ನ ಶಿಷ್ಯೆ ಬೇರೊಬ್ಬರು ಸಾಕಿದ ಮುದುಕರನ್ನು ನೋಡಿಕೊಂಡಳು. ಆ ಋಣ ಸಂದಿತೆಂದೇ ನನ್ನ ಲೆಕ್ಕ.

ಆದರೆ ಈ ಹೆಮ್ಮೆಯಲ್ಲಿ ಒಂದು ಮೋಸದ ಸಾಧ್ಯತೆಯೂ ಇದೆ. ಸುದ್ದಿ ಕಳಿಸುವವರು ಗೆದ್ದವರು. ಮೇಷ್ಟ್ರ ಫೋನಿಗೆ ಬರುವುದು ಅವರ ಸಂದೇಶ ಮಾತ್ರ. ಅದನ್ನಷ್ಟೇ ಓದುತ್ತ ಕುಳಿತರೆ ತನ್ನ ತರಗತಿಯೆಲ್ಲ ದಡ ಸೇರಿತೆಂಬ ಭ್ರಮೆ ಹುಟ್ಟುತ್ತದೆ. ಅವಳ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ, ಇವಳಷ್ಟೇ ಚೂಟಿ, ಹತ್ತನೆಯ ತರಗತಿಯ ಪರೀಕ್ಷೆಗೆ ಮುಂಚೆಯೇ ಮದುವೆಯಾಗಿ ಹೋದಳು. ಹಿಂದಿನ ಬೆಂಚಿನ ಹುಡುಗರಲ್ಲಿ ಕೆಲವರು ಬೋರ್‌ವೆಲ್ ಲಾರಿಗಳ ಹಿಂದೆ ಊರೂರು ಅಲೆದರು. ಕೆಲವು ಹೆಣ್ಣುಮಕ್ಕಳು ಬೆಂಗಳೂರಿನ ಗಾರ್ಮೆಂಟ್ಸ್ ಸೇರಿದರು. ನೊಬೆಲ್ ಪಡೆದ ಶಿಷ್ಯನ ಹಿಂದೆ ಅಜ್ಜಿಯನ್ನು ಒಪ್ಪಿಸಿದ ಒಬ್ಬ ಮೇಷ್ಟ್ರು ಇದ್ದರು, ಸರ್ಕಾರಿ ಶಾಲೆ ಇತ್ತು, ವಿದ್ಯಾರ್ಥಿವೇತನವೂ ಇತ್ತು. ಮೂರೂ ಕೂಡಿಬಾರದ ಮನೆಗಳೇ ಹೆಚ್ಚು. ಆದ್ದರಿಂದ ನನ್ನ ಶಿಷ್ಯೆಗೆ ನಾನು ಬರೆದ ಉತ್ತರದಲ್ಲಿ ಅಭಿನಂದನೆಯ ಮಾತು ಒಂದೆರಡು ಸಾಲು, ಉಳಿದದ್ದೆಲ್ಲ ವಿಚಾರಣೆ. ನಿನ್ನ ಪಕ್ಕದವಳು ಎಲ್ಲಿದ್ದಾಳಮ್ಮ? ನಿಮ್ಮ ಗುಂಪಿನಲ್ಲಿ ಇಲ್ಲದವರು ಯಾರು ಯಾರು? ಎರಡು ವಾರ ಬಿಟ್ಟು ಅವಳಿಂದ ಉತ್ತರ ಬಂತು. ಪಕ್ಕದವಳು ಹಿರಿಯೂರಿನ ಬಳಿ ಅಂಗನವಾಡಿ ಸಹಾಯಕಿ. ಅವಳ ಮಗಳು ಈಗ ಪಿಯುಸಿ ಓದುತ್ತಿದ್ದಾಳೆ. ಆ ಮಗಳ ಪುಸ್ತಕ, ಬಸ್ ಪಾಸಿನ ಖರ್ಚನ್ನು ಹಳೆಯ ತರಗತಿಯ ಏಳು ಮಂದಿ ಸೇರಿ ನೋಡಿಕೊಳ್ಳುತ್ತಿದ್ದಾರೆ.

ಈ ಸಭೆಯಲ್ಲಿ ಇರುವವರಲ್ಲಿ ಬಹುಪಾಲು ಸರ್ಕಾರದ ಖರ್ಚಿನಲ್ಲಿ, ಊರಿನ ಮೇಷ್ಟ್ರುಗಳ ಕೈಯಲ್ಲಿ ಕಲಿತು ಬಂದವರು. ಅವರಲ್ಲಿ ಅನೇಕರು ಇನ್ನೂ ಇದ್ದಾರೆ; ಎಪ್ಪತ್ತು, ಎಂಬತ್ತರ ವಯಸ್ಸು. ಕುವೆಂಪು ಅವರಿಗೆ ಆದಂತೆ ನಮ್ಮ ಕಾಗದ ತಡವಾಗುವುದು ಬೇಡ. ಬರೆಯಿರಿ. ಹುದ್ದೆ, ಮನೆ, ಕಾರಿನ ಸುದ್ದಿ ಸಂಕ್ಷಿಪ್ತವಾಗಿರಲಿ. ಅವರು ಹೇಳಿದ ಯಾವ ಮಾತು ಯಾವ ದಿನ ನಿಮಗೆ ಒದಗಿತು, ಅದರಿಂದ ಯಾರಿಗೆ ಏನಾಯಿತು ಎಂಬುದನ್ನು ಬರೆಯಿರಿ. ಅವರ ಮಾತನ್ನು ನೀವು ಒಪ್ಪದೆ ಬೇರೆ ದಾರಿ ಹಿಡಿದಿದ್ದರೆ ಅದನ್ನೂ ಬರೆಯಿರಿ. ಒಳ್ಳೆಯ ಮೇಷ್ಟ್ರು ಅದಕ್ಕೂ ಹಿಗ್ಗುತ್ತಾರೆ. ಜೊತೆಗೆ ನಿಮ್ಮ ಬೆಂಚಿನಿಂದ ಎದ್ದುಹೋದವರ ಬಗ್ಗೆ ವಿಚಾರಿಸಿ.

ಇಲ್ಲಿ ವಾರಾಂತ್ಯದಲ್ಲಿ ಮಕ್ಕಳಿಗೆ ಕನ್ನಡ ಕಲಿಸುವ ಅಕ್ಕಂದಿರು, ಅಣ್ಣಂದಿರು ಇದ್ದೀರಿ. ಸಂಬಳವಿಲ್ಲ, ಪರೀಕ್ಷೆಯಿಲ್ಲ, ಮಳೆಯಲ್ಲಿ ಮಕ್ಕಳು ಬರುತ್ತಾರೋ ಇಲ್ಲವೋ ಖಾತ್ರಿಯಿಲ್ಲ. ಆ ಮಕ್ಕಳು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಇಂಗ್ಲಿಷ್, ಶಾಲೆಯಲ್ಲಿ ಐರಿಷ್ ಕಲಿಯುವವರು. ಅವರು ಅಜ್ಜಿಯಿಂದ ಕೇಳಿದ ಒಂದು ಪದವನ್ನು ಅಂಜುತ್ತ ಹೇಳಿದಾಗ ನಗಬೇಡಿ, ಹೊಡೆದುಹಾಕಬೇಡಿ. ಅದು ಮುಂದೆ ಎಲ್ಲಿ, ಯಾರಿಗೆ ಒದಗುವುದೆಂದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನೀವು ಕಲಿಸಿದ ಆ ಭಾನುವಾರವನ್ನು ನೀವು ಮರೆತುಬಿಡಬಹುದು. ಮಗು ಮರೆಯುವುದಿಲ್ಲ.